ಕಲಸದ ಮದ್ದು

ಉಗ್ರಾಣಿ ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಸೂಜಿ ಕೋಣೆಯ ಬಾಗಿಲಿಗೆ ಬಂದಾಗ ಬೆಳಗಿನ ಒಂಬತ್ತೂವರೆ. ಆಸ್ಪತ್ರೆಯ ಸಾಮಾನಿನ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹದಿನೆಂಟು ವರ್ಷ ತಿರುಗಿದ ಮನುಷ್ಯ ಅವನು. ಹತ್ತಿ, ಬ್ಯಾಂಡೇಜು, ಮದ್ದಿನ ಶೀಷೆ, ನೆಲ ಒರೆಸುವ ಫಿನಾಯಿಲು, ಏನು ಬೇಕಿದ್ದರೂ ಅವನ ಮುಂದೆ ಹೋಗಿ ಹಲ್ಲು ಗಿಂಜಬೇಕು. ಅಂಥವನು ಇವತ್ತು ತಾನೇ ಹಲ್ಲು ಗಿಂಜುತ್ತ ನಿಂತಿದ್ದ. ಮಣಿಕಟ್ಟಿಗೆ ಸುತ್ತಿದ ಕರವಸ್ತ್ರ ಕೆಂಪಾಗಿತ್ತು.

"ನಾಯಿ ಅಕ್ಕಾ," ಎಂದ. "ನಮ್ಮ ಉಗ್ರಾಣದ ಹಿಂದೆ ಮಲಗುತ್ತಲ್ಲ, ಅದೇ. ದಿನಾ ಬ್ರೆಡ್ ಹಾಕ್ತಿದ್ದೆ. ಇವತ್ತು ಕೈ ಚಾಚಿದ್ದೇ ತಡ, ಬಾಯಿ ಹಾಕಿಬಿಡ್ತು."

ಸೂಜಿಯಕ್ಕ ತಲೆಯೆತ್ತಿ ನೋಡಿದಳು. ಇಪ್ಪತ್ತು ವರ್ಷದಿಂದ ಅದೇ ಕೋಣೆ, ಅದೇ ಸ್ಟೂಲು, ಅದೇ ಕೆಲಸ. ಜನ ಇಟ್ಟ ಹೆಸರೇ ಅವಳಿಗೆ ಅಂಟಿಕೊಂಡಿತ್ತು. ಅವಳ ಕೈಯಲ್ಲಿ ಸೂಜಿ ಹಾಕಿಸಿಕೊಂಡವರು ನೋವೇ ಆಗಲಿಲ್ಲ ಎನ್ನುತ್ತಿದ್ದರು, ಅವಳ ಬಾಯಿಗೆ ಸಿಕ್ಕವರು ಹಾಗೆನ್ನುತ್ತಿರಲಿಲ್ಲ. ಕೆಂಪು ಕರವಸ್ತ್ರ ಕಂಡಾಗ ಅವಳ ಎದೆಯಲ್ಲಿ ಹುಟ್ಟಿದ್ದು ಮರುಕವಲ್ಲ. ಸುಳ್ಳೇಕೆ ಹೇಳಬೇಕು? ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಸೋಪು ಹಾಕಿ ತೊಳ್ಕೊಂಡ್ರಾ?"

"ಹೂಂ, ಒಂದೆರಡು ನಿಮಿಷ..."

"ಹದಿನೈದು ನಿಮಿಷ ತೊಳೀಬೇಕು. ಆ ನಲ್ಲಿ ಕೆಳಗೆ ಕೈ ಹಿಡ್ಕೊಂಡು ನಿಂತ್ಕೊಳ್ಳಿ. ಆಮೇಲೆ ಡಾಕ್ಟರಮ್ಮನ ಹತ್ರ ಹೋಗಿ ಚೀಟಿ ಬರೆಸ್ಕೊಂಡು ಬನ್ನಿ."

ಅವನು ಹೋದ. ಹೊರಗೆ ನಲ್ಲಿ ಸುರಿಯುವ ಸದ್ದು ಕೇಳತೊಡಗಿತು. ಸೂಜಿಯಕ್ಕ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಹಿಂಡುತ್ತ ಕುಳಿತಳು. ಯೋಚಿಸಲು ಅವಳಿಗೆ ಹದಿನೈದು ನಿಮಿಷ ಸಿಕ್ಕಿತ್ತು.

ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯ ಒರೆಸಿದ ನೆಲದಲ್ಲಿ ಅವಳು ಜಾರಿಬಿದ್ದು ಬಲಗೈ ಮುರಿದುಕೊಂಡಿದ್ದಳು. ಮೊಣಕೈವರೆಗೆ ಪ್ಲಾಸ್ಟರು, ಕೆಲಸಕ್ಕೆ ರಜೆ, ಮನೆಯಲ್ಲಿ ತಮ್ಮನ ಕೈಯ ಉಪ್ಪಿಲ್ಲದ ಅಡುಗೆ. ತಮ್ಮ ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವವನು. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ತಾಯಿ ಬೇಗ ಹೋದದ್ದರಿಂದ ಅವನ ತಲೆ ಬಾಚಿ, ಮೂಗು ಒರೆಸಿ, ಮಗ್ಗಿ ಕಲಿಸಿದವಳು ಅವಳೇ. ಮದುವೆಯ ಗೊಡವೆಗೆ ಹೋಗದ ಅವಳಿಗೆ ಮಗನೂ ಅವನೇ, ಜಗಳಕ್ಕೆ ಜೊತೆಯೂ ಅವನೇ. ಅವಳು ಮನೆಯಲ್ಲಿದ್ದ ಎರಡನೆಯ ವಾರ ಯಾವುದೋ ಗೇಟಿನ ಸಂದಿಯಿಂದ ನುಗ್ಗಿದ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು.

ಎಡಗೈಯಲ್ಲೇ ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು, ಅವನು ಕಿರುಚಿದರೂ ಬಿಡದೆ ತೊಳೆದಳು. "ಐದು ಸೂಜಿ ಕಣೋ, ಒಂದೂ ತಪ್ಪಿಸ್ಬೇಡ," ಎಂದು ಕ್ಯಾಲೆಂಡರಿನಲ್ಲಿ ಎಡಗೈಯ ಸೊಟ್ಟ ಗೆರೆಯಲ್ಲಿ ಐದು ತಾರೀಕಿಗೆ ಗುರುತು ಹಾಕಿದಳು. ಅವನು ತಪ್ಪಿಸಲಿಲ್ಲ. ಐದು ಸಲ ಹೋದ, ಐದು ಸಲ ಚುಚ್ಚಿಸಿಕೊಂಡ, ಐದು ಮೊಹರಿನ ಕಾರ್ಡನ್ನು ತಂದು ಬಹುಮಾನದ ಹಾಗೆ ಅವಳಿಗೆ ತೋರಿಸಿದ. ಐದನೆಯದಾದ ಹನ್ನೆರಡನೇ ದಿನ ಗಾಯ ಮಾಯ್ದ ಜಾಗ ಜುಮುಗುಟ್ಟುತ್ತದೆ ಎಂದ. ಹದಿಮೂರನೇ ದಿನ ನೀರಿನ ಲೋಟ ಎತ್ತಿದವನು ಕೆಳಗಿಟ್ಟ. ಹದಿನೇಳನೇ ದಿನ ಅವನಿರಲಿಲ್ಲ.

ಎಲ್ಲೋ ಒಂದೊಂದು ಸಲ ಲಸಿಕೆಯೂ ಕೈಕೊಡುತ್ತದೆ ಎಂದರು ಆಸ್ಪತ್ರೆಯವರು. ಹಣೆಬರಹ ಎಂದರು ನೆರೆಯವರು. ಸಾವಿರಾರು ಜನಕ್ಕೆ ಅದೇ ಸೂಜಿ ಹಾಕಿ ಒಬ್ಬರನ್ನೂ ಕಳೆದುಕೊಳ್ಳದ ಸೂಜಿಯಕ್ಕ ಅದನ್ನೂ ನುಂಗಿಕೊಂಡು ಹತ್ತು ತಿಂಗಳು ಕೆಲಸ ಮಾಡಿದಳು. ಆಮೇಲೊಂದು ದಿನ, ಅವಳ ರಜೆಯಲ್ಲಿ ಬದಲಿಗೆ ಬಂದಿದ್ದ ನರ್ಸ್ ಯಾವುದೋ ಪ್ರಮಾಣಪತ್ರಕ್ಕೆಂದು ಬಂದವಳು ಚಹಾ ಕುಡಿಯುತ್ತ ಕೇಳಿದಳು:

"ಅಕ್ಕಾ, ಆಗೊಂದು ರೆಡಿ ಮದ್ದು ಬರ್ತಿತ್ತಲ್ಲ, ನಾಯಿ ಕಡಿತಕ್ಕೆ? ಕಲಸೋ ತಾಪತ್ರಯಾನೇ ಇಲ್ಲ, ಶೀಷೆಯಿಂದ ಎಳ್ಕೊಂಡು ಚುಚ್ಚಿದ್ರೆ ಆಯ್ತು. ಎಷ್ಟು ಸಲೀಸಾಗಿತ್ತು! ಅದನ್ಯಾಕೆ ನಿಲ್ಲಿಸಿಬಿಟ್ರು?"

ಚಹಾದ ಲೋಟ ಸೂಜಿಯಕ್ಕನ ಕೈಯಲ್ಲೇ ನಿಂತಿತು. ಆ ಆಸ್ಪತ್ರೆಗೆ ನಾಯಿ ಕಡಿತದ ಮದ್ದು ಬರುತ್ತಿದ್ದದ್ದು ಯಾವಾಗಲೂ ಜೋಡಿ ಶೀಷೆಯಲ್ಲಿ. ಒಂದರ ತಳದಲ್ಲಿ ಚಿಟಿಕೆ ಬಿಳಿ ಪುಡಿ, ಇನ್ನೊಂದರಲ್ಲಿ ಶುದ್ಧ ನೀರು. ಪುಡಿಯೇ ಮದ್ದು, ನೀರು ಅದನ್ನು ಮೈಯೊಳಗೆ ಹೊತ್ತುಕೊಂಡು ಹೋಗುವ ಗಾಡಿ, ಅಷ್ಟೆ. ರೆಡಿ ಮದ್ದು ಎಂಬುದು ಅಲ್ಲಿಗೆ ಯಾವತ್ತೂ ಬಂದಿರಲಿಲ್ಲ.

"ಶೀಷೆ ಮೇಲೆ ಏನು ಬರೆದಿತ್ತೇ?" ಎಂದು ಕೇಳಿದಳು.

"ಚೀಟಿ ಒದ್ದೆಯಾಗಿ ಕಿತ್ತುಹೋಗಿತ್ತಕ್ಕ. ಹೊಸ ಕಂಪನಿ, ಕಲಸೋ ಹಾಗಿಲ್ಲ ಅಂತ ಉಗ್ರಾಣದವರೇ ಹೇಳಿದ್ರು."

ಸೂಜಿಯಕ್ಕ ಅಂದೇ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಡಾಕ್ಟರಮ್ಮ ಒಳ್ಳೆಯವಳು, ಆದರೆ ಕಾಗದ ಕಂಡರೆ ಮಾತ್ರ ನಂಬುವವಳು. ರಿಜಿಸ್ಟರು ತರಿಸಿದಳು. ಬಂದ ಪುಡಿ ಶೀಷೆ ಎಷ್ಟೋ ಅಷ್ಟೇ ಖಾಲಿ ಶೀಷೆ ವಾಪಸ್ಸಾಗಿತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬದಲಿ ನರ್ಸನ್ನು ಕರೆಸಿ ಬರೆದುಕೊಡು ಎಂದರೆ ಅವಳು ಅತ್ತು, ತನ್ನ ಕೆಲಸದ ನೆನಪಾಗಿ, ಏನೂ ನೆನಪಿಲ್ಲ ಎಂದಳು. ಉಗ್ರಾಣಿ ಮಾತ್ರ ಬೆಣ್ಣೆಯಂತೆ ಮಾತಾಡಿದ. "ಪಾಪ, ತಮ್ಮನ್ನ ಕಳ್ಕೊಂಡ ಸಂಕಟ. ನಾನೇನೂ ಮನಸ್ಸಿಗೆ ಹಚ್ಕೊಳ್ಳಲ್ಲ ಬಿಡಿ," ಎಂದ.

"ನಾನು ನಿಮ್ಮನ್ನ ನಂಬ್ತೀನಿ," ಎಂದಳು ಡಾಕ್ಟರಮ್ಮ. "ಆದ್ರೆ ಮೇಲಿನವರಿಗೆ ನಂಬಿಕೆ ಸಾಲಲ್ಲ. ಅವನೇ ಬಾಯಿ ಬಿಡ್ಬೇಕು."

ಕೊಂದದ್ದನ್ನಾದರೂ ಒಂದು ದಿನ ಕ್ಷಮಿಸಿಯಾಳು, ಆ 'ಪಾಪ' ಎಂದದ್ದನ್ನು ಸೂಜಿಯಕ್ಕ ಕ್ಷಮಿಸುವವಳಲ್ಲ. ಅಂದಿನಿಂದ ಅವಳು ಪ್ರತಿ ರೋಗಿಯ ಕಣ್ಣಿನ ಮುಂದೆಯೇ ಎರಡೂ ಶೀಷೆ ಹಿಡಿದು, ಇದು ಪುಡಿ, ಇದು ನೀರು, ನೋಡಿ ಕಲಸ್ತಿದೀನಿ ಎಂದು ತೋರಿಸಿಯೇ ಚುಚ್ಚುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಉಗ್ರಾಣಿಗೆ ಕೇಳುವ ಅಗತ್ಯವೇ ಇರಲಿಲ್ಲ.

ನಲ್ಲಿಯ ಸದ್ದು ನಿಂತು ಬಹಳ ಹೊತ್ತಾದ ಮೇಲೆ ಅವನು ಚೀಟಿ ಹಿಡಿದು ಬಂದ. ಡಾಕ್ಟರಮ್ಮ ಗಾಯದ ಸುತ್ತ ಆಗಲೇ ಒಂದು ಮದ್ದು ಚುಚ್ಚಿದ್ದಳು.

"ಅದು ಕಡ ತಂದ ಕಾವಲು," ಎಂದಳು ಸೂಜಿಯಕ್ಕ. "ಬೇರೆಯವರ ರಕ್ತದ ಕಾವಲುಗಾರರು. ಮೂರು ವಾರ ನಿಲ್ತಾರೆ, ಆಮೇಲೆ ಅವರ ದಾರಿ ಅವರು ನೋಡ್ಕೋತಾರೆ. ಅಷ್ಟರೊಳಗೆ ನಿಮ್ಮ ಮೈ ತನ್ನ ಕಾವಲನ್ನ ತಾನೇ ಕಟ್ಕೋಬೇಕು. ಕೂತ್ಕೊಳ್ಳಿ. ಎಲ್ಲರಿಗೂ ಹೇಳೋ ಪಾಠ ಇದು, ನಿಮಗೂ ಹೇಳ್ತೀನಿ."

"ಗೊತ್ತು ಅಕ್ಕಾ..."

"ಗೊತ್ತಿದ್ರೂ ಕೇಳಿ. ನಾಯಿ ಬಾಯಿಂದ ಒಳಗೆ ಬಂದಿದೆಯಲ್ಲ, ಆ ವೈರಸ್ಸು, ಅದು ಪ್ರಾಣಿಯೂ ಅಲ್ಲ, ಹುಳವೂ ಅಲ್ಲ. ಬಾಯಿಲ್ಲ, ಹೊಟ್ಟೆಯಿಲ್ಲ, ಸ್ವಂತದ್ದು ಅಂತ ಒಂದು ಒಲೆಯಿಲ್ಲ. ಒಂದು ಚೀಟಿ, ಅದರ ಮೇಲೊಂದು ಹೊದಿಕೆ. ಚೀಟೀಲಿ ಬರೆದಿರೋದು ಇಷ್ಟೇ: ನನ್ನಂಥವನ್ನ ಇನ್ನಷ್ಟು ಮಾಡು. ಪರರ ಮನೆ ಹೊಕ್ಕು, ಅವರ ಅಡುಗೆಮನೇಲಿ ತನ್ನ ಅಡುಗೆ ಮಾಡಿಸ್ಕೊಳ್ಳೋ ಜಾತಿ. ನಿಮ್ಮ ಮೈಯ ಜೀವಕಣ ಆ ಚೀಟೀನ ತನ್ನ ಯಜಮಾನನ ಅಪ್ಪಣೆ ಅಂದ್ಕೊಂಡು ದುಡಿಯತ್ತೆ, ಪಾಪ."

ಪಾಪ ಎಂಬ ಮಾತಿಗೆ ಅವನು ಕಣ್ಣು ತಗ್ಗಿಸಿದ.

"ರಕ್ತದಲ್ಲಿ ಬಂದಿದ್ರೆ ಸಿಕ್ಕಿಬೀಳ್ತಿತ್ತು," ಎಂದು ಮುಂದುವರಿಸಿದಳು. "ಅಲ್ಲಿ ಹೆಜ್ಜೆಹೆಜ್ಜೆಗೂ ಬಿಳಿ ಕಣಗಳ ಪಹರೆ. ಇದು ಬುದ್ಧಿವಂತ, ನರದೊಳಗೆ ನುಸೀತದೆ. ಮುಚ್ಚಿದ ಕೊಳವೆ ಇದ್ದ ಹಾಗೆ. ಸದ್ದಿಲ್ಲ, ಜ್ವರ ಇಲ್ಲ, ಬಾವು ಇಲ್ಲ. ದಿನಕ್ಕೊಂದು ಬೆರಳಗಲ ಮೇಲೆ ಹತ್ತತ್ತೆ, ಎರಡು ಬೆರಳಗಲ. ಮೈಗೆ ಕಳ್ಳ ಬಂದದ್ದೇ ಗೊತ್ತಾಗಲ್ಲ. ಅದಕ್ಕೇ ಈ ಸೂಜಿ. ಸತ್ತ ವೈರಸ್ಸಿನ ಪುಡಿ. ಇಗೋ ಕಳ್ಳನ ಮುಖ ಹೀಗಿರತ್ತೆ ಅಂತ ಕಾವಲಿನವರಿಗೆ ಹೆಣ ತೋರಿಸೋದು. ಮೊದಲ ಸಲ ತೋರಿಸಿದ್ರೆ ಆಕಳಿಸ್ತಾರೆ. ಎರಡನೇ ಸಲ ಎದ್ದು ಕೂರ್ತಾರೆ. ಮೂರನೇ ಸಲಕ್ಕೆ ಬೆನ್ನಟ್ತಾರೆ. ಕಳ್ಳ ಮೆದುಳಿನ ಮನೆ ಸೇರೋ ಮೊದಲು ಹಿಡಿದ್ರೆ ನೀವು ಗೆದ್ರಿ. ಸೇರಿದ ಮೇಲೆ, ಯಾವ ಡಾಕ್ಟರೂ ಇಲ್ಲ."

ಎಲ್ಲರಿಗೂ ಹೇಳುವ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಅವಳು ಇನ್ನೊಂದು ಸಾಲು ಸೇರಿಸಿದಳು. "ಪುಡಿ ಹಾಕದೇ ಬರೀ ನೀರು ಚುಚ್ಚಿದ್ರೆ, ಕಾವಲಿನವರು ಮಲಗೇ ಇರ್ತಾರೆ. ಕೆಲವರಿಗೆ ನಲವತ್ತು ದಿನ, ಕೆಲವರಿಗೆ ಒಂದು ವರ್ಷ. ಅಲ್ಲೀವರೆಗೆ ಮನುಷ್ಯ ಚೆನ್ನಾಗೇ ಇರ್ತಾನೆ."

ಹಾಗೆಂದು ಎದ್ದು ಹಿಂದಿನ ಮೇಜಿನ ಮುಂದೆ ಹಸಿರು ಪರದೆ ಎಳೆದಳು. ಆ ಪರದೆಯನ್ನು ಒಂದು ವರ್ಷದಿಂದ ಯಾರೂ ಎಳೆದಿರಲಿಲ್ಲ. ಪರದೆಯ ಬಳೆಗಳು ಸರಳಿನ ಮೇಲೆ ಕಿರ್ರೆಂದವು.

"ಪರದೆ ಯಾಕಕ್ಕಾ?"

ಪರದೆಯ ಹಿಂದೆ ಸೂಜಿಯಕ್ಕ ನೀರಿನ ಶೀಷೆಯ ಕತ್ತು ಮುರಿದು ಸಿರಿಂಜಿಗೆ ಎಳೆದಳು. ಬೆಳಕಿಗೆ ಹಿಡಿದು ನೋಡಿದಳು. ತಿಳಿ ನೀರು. ಪುಡಿ ಕಲಸಿದರೂ ಅಷ್ಟೇ ತಿಳಿ. ಹತ್ತು ಜನ ಡಾಕ್ಟರರು ಸಾಲಾಗಿ ನಿಂತು ನೋಡಿದರೂ ವ್ಯತ್ಯಾಸ ಹೇಳಲಾರರು. ನಲವತ್ತು ದಿನದಾಚೆಯ ಒಂದು ಬೆಳಿಗ್ಗೆಯನ್ನು ಅವಳು ಕಣ್ಣಾರೆ ಕಂಡಳು. ಇವನು ಲೋಟ ಎತ್ತುತ್ತಾನೆ, ಗಂಟಲು ಸೆಟೆಯುತ್ತದೆ, ಕೆಳಗಿಡುತ್ತಾನೆ. ಕಂಡು ಅವಳಿಗೆ ಹೆದರಿಕೆಯಾಗಲಿಲ್ಲ. ಬೇಕು ಎನಿಸಿತು, ಹಸಿದವನಿಗೆ ಅನ್ನ ಬೇಕೆನಿಸುವಷ್ಟು ಬೇಕೆನಿಸಿತು.

"ಅಲ್ಲಾ," ಎಂದು ಅಲ್ಲಿಂದಲೇ ಕೂಗಿ ಕೇಳಿದಳು, "ಕಲಸಲೋ, ಹಾಗೇ ಕೊಡಲೋ?"

ಆಚೆ ಕುರ್ಚಿ ಕಿರುಗುಟ್ಟಿತು.

"ಕಲಸಿ," ಎಂದಿತು ಒಣಗಿದ ದನಿ.

"ಏನನ್ನ?"

"ಪುಡೀನ, ಅಕ್ಕಾ."

"ಪುಡಿ ಯಾಕೆ? ರೆಡಿ ಮದ್ದೂ ಇರತ್ತಂತಲ್ಲ. ಬಲು ಸಲೀಸಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳುವುದು ಪರದೆಯ ಈಚೆಯಿಂದಲೇ ಅವಳಿಗೆ ಕಂಡಿತು. ಅವಳು ಸಿರಿಂಜಿನ ನೀರನ್ನು ಪುಡಿಯ ಶೀಷೆಗೆ ಬಿಟ್ಟು, ಅಂಗೈ ನಡುವೆ ಹೊರಳಿಸಿ ಕಲಸಿ, ಮತ್ತೆ ಎಳೆದುಕೊಂಡಳು. ಅದನ್ನು ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ಇಪ್ಪತ್ತು ವರ್ಷದ ಕೈಗೆ ಬೇರೆ ಕೆಲಸ ಬಾರದೆಂಬುದು ಒಂದು; ಸತ್ತವನ ಬಾಯಿ ಬಿಡಿಸಲಾಗದು ಎಂಬುದು ಇನ್ನೊಂದು. ಅವಳಿಗೆ ಅವನ ಹೆಣ ಬೇಡವಾಗಿತ್ತು, ಬಾಯಿ ಬೇಕಾಗಿತ್ತು.

ಹೊರಬಂದಾಗ ಅವನ ಕಣ್ಣು ಸಿರಿಂಜಿಗೆ ನೆಟ್ಟಿತ್ತು. "ಕಲಸಿದ್ರಾ?" ಎಂದ.

"ಕೈ ಸಡಿಲ ಬಿಡಿ," ಎಂದು ತೋಳಿಗೆ ಚುಚ್ಚಿದಳು.

ಮೂರನೇ ದಿನ ಅವನು ಬಂದಾಗ ನಾಯಿ ಸತ್ತಿತ್ತು. ಬಾಯಿಂದ ಜೊಲ್ಲು ಸುರಿಸಿಕೊಂಡು, ಹಿಂಗಾಲು ಎಳೆದುಕೊಂಡು, ಉಗ್ರಾಣದ ಗೋಡೆಗೆ ಒರಗಿ ಸತ್ತಿತಂತೆ. ಅದನ್ನು ಹೇಳುವಾಗ ಅವನ ತುಟಿ ಬಿಳಿಚಿತ್ತು. ಹಿಂದಿನ ಬೆಂಚಿನಲ್ಲಿ ಸೂಜಿಗೆ ಕಾದು ಕುಳಿತ ಹೆಂಗಸೊಬ್ಬಳು ಲೊಚಗುಟ್ಟಿದಳು. ಸೂಜಿಯಕ್ಕ ಮೊದಲು ಆ ಹೆಂಗಸನ್ನು ಕರೆದು, ಪುಡಿ ತೋರಿಸಿ, ನೀರು ತೋರಿಸಿ, ಕಣ್ಣೆದುರಿಗೇ ಕಲಸಿ ಚುಚ್ಚಿ ಕಳಿಸಿದಳು. ಇವನ ಸರದಿ ಬಂದಾಗ ಪರದೆ ಎಳೆದಳು.

"ಅಕ್ಕಾ, ನನ್ನೆದುರಿಗೇ ಕಲಸಿ. ಎಲ್ಲರಿಗೂ ಹಾಗೇ ಮಾಡ್ತೀರಲ್ಲ."

"ಮಾಡ್ತೀನಿ. ಯಾಕೆ ಹಾಗ್ಮಾಡ್ತೀನಿ ಅಂತ ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಡಾಕ್ಟರಮ್ಮನ ಮುಂದೆ ಆ ಕಾರಣ ಹೇಳಿ. ಆಮೇಲೆ ನಿಮ್ಮ ಮೂಗಿನ ತುದೀಲೇ ಕಲಸ್ತೀನಿ."

ಅವನು ಬಾಯಿಗೆ ಬೀಗ ಹಾಕಿಕೊಂಡ. ಅವಳು ಒಳಗೆ ಹೋಗಿ ಕಲಸಿ ತಂದು ಚುಚ್ಚಿದಳು. ಅವನು ಎದ್ದವನೇ ಮೇಜಿನ ಕೆಳಗಿನ ಡಬ್ಬಿಯಿಂದ ಪುಡಿಯ ಖಾಲಿ ಶೀಷೆ ಹೆಕ್ಕಿ ಕಿಟಕಿಯ ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಹನಿ ಇತ್ತು, ಪುಡಿ ಇರಲಿಲ್ಲ.

"ಖಾಲಿ ಇದೆ ಅಲ್ವಾ?" ಎಂದಳು ಸೂಜಿಯಕ್ಕ. "ಖಾಲಿ ಮಾಡೋದು ಎಷ್ಟು ಸುಲಭ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ವರ್ಷದ ಹಿಂದೆ ರಿಜಿಸ್ಟರಿಗೆ ಸರಿಯಾಗಿ ಖಾಲಿ ಶೀಷೆ ವಾಪಸ್ ಬಂದಿತ್ತಲ್ಲ."

ಅವನು ಶೀಷೆಯನ್ನು ಡಬ್ಬಿಗೆ ಹಾಕಿ ಹೊರಟುಹೋದ. ಸೂಜಿಯಕ್ಕ ಅದನ್ನು ಎತ್ತಿ ತೊಳೆದು, ತಾರೀಕು ಬರೆದು, ಮೊದಲ ದಿನದ ಶೀಷೆಯ ಪಕ್ಕದಲ್ಲಿ ಡ್ರಾಯರಿನಲ್ಲಿಟ್ಟಳು. ನಾಳೆ ಡಾಕ್ಟರಮ್ಮ ಕೇಳಿದರೆ ತನ್ನ ಕಡೆ ಕಾಗದ ನೆಟ್ಟಗಿರಬೇಕಲ್ಲ.

ನಡುವಿನ ನಾಲ್ಕು ದಿನ ಅವಳಿಗೆ ಒಳ್ಳೆಯ ನಿದ್ದೆ ಬಂತು. ಉಗ್ರಾಣಿಯ ಬಗ್ಗೆ ಆಸ್ಪತ್ರೆಯಲ್ಲಿ ಮಾತು ಹಬ್ಬಿತ್ತು. ಹತ್ತಿ ಕೇಳಿದರೆ ಬ್ಯಾಂಡೇಜು ಕೊಡುತ್ತಾನಂತೆ. ಗಳಿಗೆಗೊಮ್ಮೆ ಕಾರಿಡಾರಿನ ನಲ್ಲಿಗೆ ಬಂದು ನೀರು ಕುಡಿಯುತ್ತಾನಂತೆ, ಬಾಯಾರಿಕೆಗಲ್ಲ, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ನೋಡಲು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದುಕೊಂಡು ಸೂಜಿಯಕ್ಕ ಒಳಗೊಳಗೇ ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಆ ನಗುವಿನ ಬಗ್ಗೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಏಳನೇ ದಿನ ಅವನು ಸೂಜಿ ಕೋಣೆಗೆ ಒಬ್ಬನೇ ಬರಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು. ಹಿಂದೆ ಡಾಕ್ಟರಮ್ಮ, ಅವಳ ಕೈಯಲ್ಲಿ ಕಾಗದದ ಹಲಗೆ. ಬೆಂಚಿನ ಮೇಲೆ ಆರು ಜನ ಕಾಯುತ್ತಿದ್ದರು.

"ಇವರು ಏನೋ ಹೇಳ್ಬೇಕಂತೆ," ಎಂದಳು ಡಾಕ್ಟರಮ್ಮ. "ನಿಮ್ಮ ಮುಂದೇನೇ ಹೇಳ್ತಾರಂತೆ."

ಅವನು ನೆಲ ನೋಡುತ್ತ ಹೇಳಿದ. ಹಳೆಯ ಡಾಕ್ಟರರ ಬೀಳ್ಕೊಡುಗೆಗೆ ತಂಪು ಪಾನೀಯದ ಬಾಟಲಿ ಇಡಲು ಫ್ರಿಜ್ಜಿನಲ್ಲಿ ಜಾಗ ಸಾಲಲಿಲ್ಲ. ಮದ್ದಿನ ಡಬ್ಬಿಗಳನ್ನು ತೆಗೆದು ಕಿಟಕಿಯ ಮೇಲಿಟ್ಟ. ಒಂದು ಗಂಟೆಗೆ ಎಂದುಕೊಂಡದ್ದು, ಮರೆತೇ ಹೋಯಿತು. ಎಂಟು ದಿನ ಬಿಸಿಲು ತಿಂದ ಮೇಲೆ ಕಣ್ಣಿಗೆ ಬಿತ್ತು. ಮದ್ದು ಕೆಟ್ಟಿತು ಎಂದು ಮೇಲೆ ಬರೆದರೆ ಕೆಲಸಕ್ಕೇ ಕುತ್ತು. ಕೆಟ್ಟದ್ದನ್ನು ಕೊಡಲು ಧೈರ್ಯ ಬರಲಿಲ್ಲ, ಕೊಟ್ಟು ಯಾರಿಗಾದರೂ ಏನಾದರೂ ಆದರೆ ಎಂದು ಪುಡಿಯನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟ. ನೀರಿನ ಶೀಷೆ ಉಳಿದಿದ್ದವು. ನೀರಿಗೆ ಬಿಸಿಲೇನು ಮಾಡೀತು?

"ಕಚ್ಚೋ ನಾಯಿಗಳೆಲ್ಲ ಹುಚ್ಚು ನಾಯಿ ಅಲ್ವಲ್ಲ ಡಾಕ್ಟ್ರೇ," ಎಂದ. "ಎರಡು ವಾರದಲ್ಲಿ ಹೊಸ ಮಾಲು ಬರ್ತದೆ, ಅಲ್ಲೀವರೆಗೆ ಹೇಗೋ ತಳ್ಳೋಣ ಅಂದ್ಕೊಂಡೆ. ಬರೋದು ಆರು ವಾರ ತಡ ಆಯ್ತು. ಏಳು ಜನಕ್ಕೆ ನೀರು ಹೋಯ್ತು. ಆರು ಜನ ಬದುಕಿದ್ದಾರೆ. ಬೇಕಾದ್ರೆ ವಿಳಾಸ ಕೊಡ್ತೀನಿ."

ಬೆಂಚಿನ ಮೇಲಿದ್ದ ಮುದುಕನೊಬ್ಬ ಥೂ ಎಂದ. ಡಾಕ್ಟರಮ್ಮ ಬರೆದದ್ದನ್ನು ಓದಿ ಹೇಳಿ ಹಲಗೆ ಚಾಚಿದಳು, ಅವನು ರುಜು ಹಾಕಿದ. ಪಕ್ಕದ ಊರಿನ ಆಸ್ಪತ್ರೆಗೂ ಹೋಗಿದ್ದನಂತೆ, ಕಾರ್ಡು ಮುಚ್ಚಿಟ್ಟು ಮೊದಲಿಂದ ಹಾಕಿಸಿಕೊಳ್ಳೋಣವೆಂದು. ಅಲ್ಲಿನ ನರ್ಸ್ ಒಳಗಿನಿಂದ ಸಿರಿಂಜು ತುಂಬಿಕೊಂಡೇ ಬಂದಳಂತೆ. ಕಲಸಿದ್ರಾ ಎಂದು ಕೇಳಿದರೆ ಹುಚ್ಚನನ್ನು ನೋಡುವಂತೆ ನೋಡಿದಳಂತೆ. ಇವನಿಗೆ ಅಲ್ಲಿಯೂ ಒಬ್ಬ ಉಗ್ರಾಣಿ ಇರುತ್ತಾನಲ್ಲ ಎಂದು ಹೊಳೆದು, ತೋಳು ಮಡಚಿಕೊಂಡು ಎದ್ದು ಬಂದನಂತೆ.

ಸೂಜಿಯಕ್ಕನಿಗೆ ಬೇಕಾದದ್ದು ಸಿಕ್ಕಿತ್ತು. ಕಾಗದ ಸಿಕ್ಕಿತ್ತು, ರುಜು ಸಿಕ್ಕಿತ್ತು, ಆರು ಜನ ಸಾಕ್ಷಿ ಸಿಕ್ಕಿದ್ದರು. ಅಲ್ಲಿಗೆ ಸುಮ್ಮನಿದ್ದರೆ ಅವಳಿಗೇ ಒಳ್ಳೆಯದಿತ್ತು. ಆದರೆ ಒಂದು ಮಾತು ಒಳಗೆ ಕೊರೆಯುತ್ತಿತ್ತು, ಕೇಳಿಯೇಬಿಟ್ಟಳು.

"ಏಳು ಜನ. ಒಬ್ಬರಿಗೂ ಅನುಮಾನ ಬರ್ಲಿಲ್ವಾ? ಒಬ್ಬರೂ ಕೇಳ್ಲಿಲ್ವಾ?"

ಅವನು ತಡವರಿಸಿದ. "ಒಬ್ಬರು ಕೇಳಿದ್ರು."

"ಯಾರು?"

"ನಿಮ್ಮ ತಮ್ಮ."

ಸೂಜಿಯಕ್ಕ ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಟ್ಟಳು.

"ಎರಡನೇ ಸೂಜಿ ದಿನ ಸೀದಾ ಉಗ್ರಾಣಕ್ಕೇ ಬಂದ್ರು. ನಮ್ಮಕ್ಕ ಯಾವಾಗಲೂ ಪುಡಿ ಕಲಸ್ತಾಳೆ, ಇವರು ಕಲಸಲೇ ಇಲ್ವಲ್ಲಾ ಅಂದ್ರು."

"ನೀವೇನಂದ್ರಿ?"

ಅವನು ಡಾಕ್ಟರಮ್ಮನ ಮುಖ ನೋಡಿದ. ಅಲ್ಲಿ ಯಾವ ಸಹಾಯವೂ ಇರಲಿಲ್ಲ.

"ಅಕ್ಕನಿಗೆ ಗೊತ್ತು ಅಂದೆ. ಹೊಸ ಮದ್ದು, ನಿಮ್ಮಕ್ಕನೇ ನೋಡಿ ಒಪ್ಪಿದ್ದಾಳೆ ಅಂದೆ."

"ಅದಕ್ಕವನು?"

"ನಕ್ರು. ಅಕ್ಕನಿಗೆ ಗೊತ್ತಿದ್ರೆ ಸರಿ ಬಿಡಿ ಅಂತ ಹೊರಟ್ರು."

ಸೂಜಿಯಕ್ಕ ಸ್ಟೂಲಿನ ಅಂಚು ಹಿಡಿದುಕೊಂಡಳು. ತಮ್ಮನು ಮನೆಗೆ ಬಂದು ಅವಳನ್ನು ಯಾಕೆ ಕೇಳಲಿಲ್ಲ ಎಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅಕ್ಕ ಒಪ್ಪಿದ ಮೇಲೆ ಕೇಳುವುದೇನು? ಚಿಕ್ಕಂದಿನಿಂದ ಹಾಗೆಯೇ ಬೆಳೆಸಿದ್ದಳು. ಅವನ ಮೈಯ ಕಾವಲಿನವರು ಮಲಗಿದ್ದರು, ಅವನ ಬುದ್ಧಿ ಮಾತ್ರ ಎದ್ದು ಕೂತು ಕಳ್ಳ ಕಳ್ಳ ಎಂದು ಕೂಗಿತ್ತು. ಅದರ ಬಾಯಿಗೆ ಈ ಉಗ್ರಾಣಿ ಅವಳ ಹೆಸರನ್ನು ತುರುಕಿ ಮುಚ್ಚಿದ್ದ. ಕೊನೆಯ ದಿನಗಳಲ್ಲಿ ಮಂಚದ ಪಕ್ಕ ಕೂತ ಅಕ್ಕನನ್ನು ಅವನು ಏನೆಂದುಕೊಂಡು ನೋಡಿದನೋ. ಅದನ್ನು ಇನ್ನು ಕೇಳುವುದು ಯಾರನ್ನು? ಅವಳಿಗೆ ಅಳು ಬರಲಿಲ್ಲ. ಇಷ್ಟು ದಿನದ ಸಿಟ್ಟು ಏನೇನೂ ಅಲ್ಲ, ನಿಜವಾದ ಸಿಟ್ಟು ಈಗಷ್ಟೇ ಹುಟ್ಟಿದೆ ಎನಿಸಿತು. ಮೊದಲ ದಿನ ಸಿರಿಂಜಿನಲ್ಲಿದ್ದ ಆ ಬರೀ ನೀರನ್ನು ನೆನೆದು ಕೈ ಹಿಸುಕಿಕೊಂಡಳು.

ಆದರೆ ಮಾತು ಕೊಟ್ಟಾಗಿತ್ತು. ಪರದೆ ಎಳೆಯಲಿಲ್ಲ. ಎರಡೂ ಶೀಷೆ ತಂದು ಅವನ ಮೂಗಿನ ಮುಂದೆ ಹಿಡಿದಳು. "ಇದು ಪುಡಿ. ಇದು ನೀರು," ಎಂದಳು. ನೀರು ಬಿಟ್ಟಳು, ಹೊರಳಿಸಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಸೂಜಿ ಒರಟಾಗಿ ಇಳಿಯಿತು. ಚುಚ್ಚಿದಾಗ ಅವನು ನೋವಿಗೆ ಹಲ್ಲು ಕಚ್ಚಿದ.

"ಹಿಂದಿನ ಎರಡು?" ಎಂದ ಅವನು ಡಾಕ್ಟರಮ್ಮನ ಕಡೆ ತಿರುಗಿ. "ಅವು ಪರದೆ ಹಿಂದೆ ಆಗಿದ್ದು, ಡಾಕ್ಟ್ರೇ."

ಸೂಜಿಯಕ್ಕ ಡ್ರಾಯರ್ ಎಳೆದು ತಾರೀಕು ಬರೆದ ಎರಡು ಖಾಲಿ ಶೀಷೆ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅವುಗಳ ಮೇಲಿನ ನಂಬರನ್ನು ಕಾರ್ಡಿನ ಜೊತೆ ತಾಳೆ ನೋಡಿ, "ಎಲ್ಲಾ ಸರಿಯಾಗಿದೆ. ಇನ್ನೆರಡು ಬಾಕಿ, ತಪ್ಪಿಸ್ಬೇಡಿ. ಉಗ್ರಾಣದ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೋಗಿ," ಎಂದು ಕಾಗದ ಹಿಡಿದುಕೊಂಡು ಹೊರಟಳು.

ಡಾಕ್ಟರಮ್ಮನಿಗೆ ಅಷ್ಟು ಸಾಕಾಯಿತು. ಅವನಿಗೆ ಸಾಕಾಗಲಿಲ್ಲ. ತಾ ಕಳ್ಳ, ಪರರ ನಂಬ. ಖಾಲಿ ಶೀಷೆ, ತಾರೀಕು, ತಾಳೆಯಾಗುವ ನಂಬರು, ಇವೆಲ್ಲ ಎಷ್ಟರ ಮಾತು ಎಂದು ಲೋಕದಲ್ಲಿ ಒಬ್ಬನಿಗೆ ಗೊತ್ತಿದ್ದರೆ ಅದು ಅವನಿಗೇ. ಕಾಗದವೆಲ್ಲ ಸರಿಯಾಗಿದ್ದಾಗಲೇ ಏಳು ಜನರ ಮೈಗೆ ನೀರು ಹೋಗಿತ್ತು. ಅವನು ಕುರ್ಚಿಯಿಂದ ಏಳಲಿಲ್ಲ.

"ಅಕ್ಕಾ," ಎಂದ. ದನಿ ಮಗುವಿನಷ್ಟು ಸಣ್ಣದಾಗಿತ್ತು. "ಶೀಷೆ ಬೇಡ, ಕಾರ್ಡು ಬೇಡ. ನೀವು ನಿಮ್ಮ ಬಾಯಲ್ಲಿ ಒಂದು ಮಾತು ಹೇಳಿ, ನಂಬ್ತೀನಿ. ಆ ಎರಡು ಸಲ ಕಲಸಿದ್ರಾ?"

ಹೂಂ ಎಂಬ ಒಂದಕ್ಷರ ಅವಳ ನಾಲಿಗೆಯ ತುದಿಯಲ್ಲಿತ್ತು. ಅದು ನಿಜವೂ ಆಗಿತ್ತು. ಸೂಜಿಯಕ್ಕ ಅವನ ತೋಳಿನ ಮೇಲಿನ ಹತ್ತಿಯನ್ನು ತೆಗೆದು ಬುಟ್ಟಿಗೆ ಹಾಕಿದಳು.

"ಅಕ್ಕನಿಗೆ ಗೊತ್ತು," ಎಂದಳು, ಬೆಂಚಿನ ಮೇಲಿದ್ದ ಮುಂದಿನವರನ್ನು ಕೈಮಾಡಿ ಕರೆದಳು.